ಸೌಂಡ್ ಕಾರ್ಡ್ ಬೇಕೇನ್ರಿ? ಮೊದಲು ಫ್ಯಾನ್ ಬಂದ್ ಮಾಡ್ರಿ

ಭಾಗ 1/8: ಉತ್ತರ ಮೊದಲು, ಕಾರಣ ಆಮೇಲೆ

“ಹೊಸ ಪಿಸಿ ಕಟ್ಟಿಸ್ಲಿಕತ್ತೀನ್ರಿ, ಸೌಂಡ್ ಕಾರ್ಡ್ ಬ್ಯಾರೆ ಹಾಕಿಸ್ಬೇಕೇನು?”

ರಾಯಚೂರು, ಮಾನ್ವಿ, ದೇವದುರ್ಗದ ಕಡೆಯಿಂದ ಬರೋ ಪ್ರಶ್ನೆಗಳಲ್ಲಿ ಇದೊಂದು ತಪ್ಪೋದೇ ಇಲ್ಲ. ಕೇಳೋರು ಮೂರು ಥರದವರು. ಒಂದು, ಇಂಜಿನಿಯರಿಂಗ್ ಸೇರಿದ ಹುಡುಗರು. ಅವರಿಗೆ ಗೇಮು, ಸಿನಿಮಾ, ಹಾಡು ಬೇಕು. ಎರಡು, ಮದುವಿ ವಿಡಿಯೋ ಎಡಿಟ್ ಮಾಡೋರು, ಡಿಜೆ ಹಾಕೋರು. ಮೂರು, ದಾಸರ ಪದ, ತತ್ವಪದ, ಭಜನಿ, ಅಲಾಯಿ ಪದ ಹಾಡಿಸಿ ಯೂಟ್ಯೂಬಿಗೆ ಹಾಕಬೇಕು ಅನ್ನೋರು.

ಈ ಮೂವರಿಗೂ ಒಂದೇ ಉತ್ತರ ಕೊಡೋ ಅಂಗಡಿಯವರ ಮಾತಿಗೆ ರೊಕ್ಕ ಬಿಚ್ಚಬ್ಯಾಡ್ರಿ. ನನ್ನ ಉತ್ತರ ಹೀಗದ:

ಬರೀ ಕೇಳೋದಕ್ಕಾದ್ರೆ ಬ್ಯಾಡ. ಮದರ್‌ಬೋರ್ಡಿನ ಮೇಲೆ ಇರೋದೇ ಸಾಕು.

ರೆಕಾರ್ಡ್ ಮಾಡೋದಕ್ಕಾದ್ರೆ ಬೇಕು. ಆದರೆ ಪೆಟ್ಟಿಗೆ ಒಳಗೆ ಕೂಡಿಸೋ ಕಾರ್ಡ್ ಅಲ್ಲ, ಹೊರಗಿನಿಂದ ಯುಎಸ್‌ಬಿಗೆ ಸಿಗಿಸೋ ಆಡಿಯೋ ಇಂಟರ್‌ಫೇಸ್. ಅದೂ ಮೈಕು, ಕೋಣೆ, ಅರ್ಥಿಂಗ್ ಈ ಮೂರು ಸರಿಯಾದ ಮೇಲೆ.

ಇಷ್ಟೇ ಸಾಕು ಅನ್ನೋರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ತಿಳ್ಕೋಬೇಕು ಅನ್ನೋರು ಮುಂದಿನ ಏಳು ಪೋಸ್ಟ್ ಓದ್ರಿ. ಇದರಾಗ ಕೆಲವು ಸಾವಿರ ರೂಪಾಯಿ ಉಳಿಸೋ ಮಾತದ. ಅದಕ್ಕಿಂತ ದೊಡ್ಡದು ಇನ್ನೊಂದದ: ನಮ್ಮ ತಾಲ್ಲೂಕುಗಳ ಹಿರಿಯರ ದನಿ. ಅದನ್ನ ಹಿಡಿದಿಡೋಕೆ ಸಿಗೋದು ಭಾಳ ಅಂದ್ರೆ ಒಂದೋ ಎರಡೋ ಅವಕಾಶ. ಆವಾಗ ಯಾವ ಸಾಮಾನು ಕೈಯಾಗಿರಬೇಕು ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಭಾಗ 2/8: ಒಂದು ಕಾಲಕ್ಕೆ ಬೇಕೇ ಬೇಕಿತ್ತು

ಸೌಂಡ್ ಕಾರ್ಡ್ ಬ್ಯಾಡ ಅಂದ ಕೂಡಲೇ ಹಿರಿಯ ಟೆಕ್ನಿಶಿಯನ್‌ಗಳು ಹುಬ್ಬು ಗಂಟಿಕ್ಕೋದು ಸಹಜ. ಅವರ ಕಾಲಕ್ಕೆ ಅದು ಬೇಕೇ ಬೇಕಿತ್ತು.

ಮೊದಮೊದಲ ಪಿಸಿಗಳ ಒಳಗೆ ಇದ್ದದ್ದು ಬೀಪ್ ಬೀಪ್ ಅನ್ನೋ ಸಣ್ಣ ಸ್ಪೀಕರ್ ಅಷ್ಟೇ. ಸಿಂಗಾಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡ್ ತಂತು. 1992ರಲ್ಲಿ ಸೌಂಡ್ ಬ್ಲಾಸ್ಟರ್ 16 ಬಂದ ಮೇಲೆ ಸಿಡಿ ಮಟ್ಟದ 16 ಬಿಟ್ ಸದ್ದು ಮನೆಯ ಪಿಸಿಗೆ ಬಂತು. ಆಗಿನ ಪ್ರೊಸೆಸರ್‌ಗೆ ಚಿತ್ರ ತೋರಿಸೋದೇ ಭಾರ. ಸದ್ದಿನ ಕೆಲಸ ಹಂಚಿಕೊಳ್ಳೋಕೆ ಬೇರೆ ಕಾರ್ಡ್ ಇರಲೇಬೇಕಾಗಿತ್ತು. ಸಿಡಿ ಡ್ರೈವ್, ಸೌಂಡ್ ಕಾರ್ಡ್, ಎರಡು ಸ್ಪೀಕರ್ ಸೇರಿಸಿ “ಮಲ್ಟಿಮೀಡಿಯಾ ಕಿಟ್” ಅಂತ ಮಾರ್ತಿದ್ರು. ನೆನಪಿರೋರು ಕಮೆಂಟಿನಾಗ ಕೈ ಎತ್ತಿ.

ಆಮೇಲೆ ಎರಡು ಬದಲಾವಣೆ ಆದವು. ಇಂಟೆಲ್ ಕಂಪನಿ 1997ರ ಹೊತ್ತಿಗೆ ಎಸಿ 97, 2004ರಲ್ಲಿ ಎಚ್‌ಡಿ ಆಡಿಯೋ ಅನ್ನೋ ಮಾದರಿಗಳನ್ನ ತಂತು. ಅವುಗಳ ಪ್ರಕಾರ ಬೋರ್ಡ್ ಮೇಲೇನೇ ಒಂದು ಸಣ್ಣ ಚಿಪ್ ಕೂತಿತು. ಇವತ್ತು ಬಹಳಷ್ಟು ಬೋರ್ಡಿನಾಗ ಇರೋದು ತೈವಾನಿನ ರಿಯಲ್‌ಟೆಕ್ ಚಿಪ್; ಏಡಿ ಚಿತ್ರದ ಗುರುತಿನದು. ಎರಡನೇದು, 2007ರ ಜನವರಿಯಲ್ಲಿ ಬಂದ ವಿಂಡೋಸ್ ವಿಸ್ಟಾ. ಗೇಮಿನ ಸದ್ದನ್ನ ನೇರ ಕಾರ್ಡಿಗೇ ಒಪ್ಪಿಸೋ ಹಳೇ ದಾರಿಯನ್ನ ಅದು ಮುಚ್ಚಿತು. ಆ ಲೆಕ್ಕಾಚಾರ ಪ್ರೊಸೆಸರ್ ಪಾಲಿಗೆ ಬಂತು, ಪ್ರೊಸೆಸರಿಗೂ ಅಷ್ಟೊತ್ತಿಗೆ ಅದು ಭಾರ ಆಗಿರಲಿಲ್ಲ.

ಹಂಗಾಗಿ “ನಿಮ್ಮ ಪಿಸಿಯಾಗ ಸೌಂಡ್ ಕಾರ್ಡ್ ಇಲ್ಲ” ಅಂತ ಯಾರಾದ್ರೂ ಅಂದ್ರೆ ಆ ಮಾತು ತಪ್ಪು. ಅದ. ಬೋರ್ಡ್ ಮೇಲೆ ಬೆರಳಿನ ಉಗುರಿನಷ್ಟಾಗಿ ಕೂತದ.

ಭಾಗ 3/8: ಕೇಳೋರಿಗೆ ಯಾಕೆ ಬ್ಯಾಡ?

ಸ್ವಲ್ಪ ಲೆಕ್ಕ ಮಾಡೋಣ, ಬೇಜಾರಾಗಬ್ಯಾಡ್ರಿ.

ಕಂಪ್ಯೂಟರಿನ ಒಳಗೆ ಹಾಡು ಅಂದ್ರೆ ಅಂಕಿಗಳ ಸಾಲು. ಆ ಅಂಕಿಗಳನ್ನ ಕರೆಂಟಿನ ಏರಿಳಿತಕ್ಕೆ ತಿರುಗಿಸೋದು ಸೌಂಡ್ ಚಿಪ್ಪಿನ ಮುಖ್ಯ ಕೆಲಸ. ಮನುಷ್ಯರ ಕಿವಿಗೆ ಕೇಳಿಸೋದು ಸುಮಾರು 20ರಿಂದ 20,000 ಹರ್ಟ್ಸ್. ಅದನ್ನ ಹಿಡಿಯೋಕೆ ಸೆಕೆಂಡಿಗೆ ಅದರ ಎರಡು ಪಟ್ಟಿಗಿಂತ ಒಂದಿಷ್ಟು ಹೆಚ್ಚು ಅಳತೆ ಸಾಕು. ಸಿಡಿಯಲ್ಲಿ ಇರೋದು 44,100. ಸಿಡಿಯ 16 ಬಿಟ್‌ನಿಂದ ಸಿಗೋ ಅಂತರ, ಅಂದ್ರೆ ಅತಿ ಜೋರಿಗೂ ಅತಿ ಸಣ್ಣದಕ್ಕೂ ಇರೋ ದೂರ, ಸುಮಾರು 96 ಡೆಸಿಬಲ್. ಇವತ್ತಿನ ಸಾಧಾರಣ ಬೋರ್ಡಿನ ಚಿಪ್ಪು ಕೂಡ ಕಾಗದದ ಮೇಲೆ 90ರ ಆಸುಪಾಸು ಇರುತ್ತದೆ. ರಿಯಲ್‌ಟೆಕ್ ಎಎಲ್‌ಸಿ 1220ರಂಥ ಚಿಪ್ಪಿಗೆ ಕಂಪನಿಯೇ ಹೇಳೋ ಅಂಕಿ 120.

ಈಗ ನಿಮ್ಮ ಕೋಣೆಗೆ ಬರ್ರಿ. ಏಪ್ರಿಲ್ ತಿಂಗಳು, ರಾಯಚೂರು, ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ತಲೆ ಮೇಲೆ ಫ್ಯಾನ್ ಐದರಾಗ ತಿರುಗ್ತಾ ಇರ್ತದ. ಅದರದ್ದೇ ಹೆಚ್ಚೂಕಡಿಮೆ 50 ಡೆಸಿಬಲ್ ಸಪ್ಪಳ. ಕೂಲರ್ ಹಾಕಿದ್ರಂತೂ ಇನ್ನೂ ಜೋರು. ಚಿಪ್ಪಿನ ಸಣ್ಣ ಗದ್ದಲ ಈ ಸಪ್ಪಳದ ಕೆಳಗೆ ಎಲ್ಲೋ ಮುಳುಗಿಹೋಗಿರ್ತದ. ಅದನ್ನ ಇನ್ನೂ ಕಡಿಮೆ ಮಾಡೋಕೆ ಸಾವಿರಗಟ್ಟಲೆ ಕೊಡೋದು ಯಾವ ಲೆಕ್ಕ?

ಇನ್ನೊಂದು ಮಾತು, ಇದನ್ನ ಅಂಗಡಿಯಾಗ ಯಾರೂ ಹೇಳೋದಿಲ್ಲ. ನೀವು ಬ್ಲೂಟೂತ್ ಇಯರ್‌ಬಡ್ ಹಾಕ್ತೀರಾ? ಹಂಗಾದ್ರೆ ಅಂಕಿಯನ್ನ ಸದ್ದಿಗೆ ತಿರುಗಿಸೋ ಚಿಪ್ಪು ಆ ಇಯರ್‌ಬಡ್ ಒಳಗೇ ಅದ. ಎಚ್‌ಡಿಎಂಐ ಹಾಕಿ ಟಿವಿಯಲ್ಲಿ ನೋಡಿದ್ರೆ ಟಿವಿ ಒಳಗದ. ಯುಎಸ್‌ಬಿ ಹೆಡ್‌ಸೆಟ್ ಆದ್ರೆ ಹೆಡ್‌ಸೆಟ್ ಒಳಗದ. ಪಿಸಿಗೆ ಎಂಥಾ ಕಾರ್ಡ್ ಹಾಕಿದ್ರೂ ಇವುಗಳ ಸದ್ದು ಕೂದಲೆಳೆಯಷ್ಟೂ ಬದಲಾಗಲ್ಲ. ಲ್ಯಾಪ್‌ಟಾಪ್ ಇದ್ರಂತೂ ಕಾರ್ಡ್ ಕೂಡಿಸೋಕೆ ಜಾಗಾನೇ ಇಲ್ಲ.

ಹೊರತು ಇಲ್ಲ ಅಂತಲ್ಲ. ಸೆನ್‌ಹೈಸರ್ ಎಚ್‌ಡಿ 600ರಂಥ 300 ಓಮ್ ಹೆಡ್‌ಫೋನ್ ಇದ್ದೋರಿಗೆ ಬೋರ್ಡಿನ ಜ್ಯಾಕಿನಿಂದ ಬರೋ ಜೋರು ಸಾಲದೇ ಹೋಗಬಹುದು. ಜ್ಯಾಕ್ ಮುರಿದೋರಿಗೆ ಸಣ್ಣ ಯುಎಸ್‌ಬಿ ಅಡಾಪ್ಟರ್ ಸಾಕು. ಅದಕ್ಕಾಗಿ ಮದರ್‌ಬೋರ್ಡ್ ಬಿಚ್ಚಿಸೋ ಗೋಜಿಗೆ ಹೋಗಬ್ಯಾಡ್ರಿ.

ಭಾಗ 4/8: ಗುಂಯ್ ಅಂತದಲ್ರಿ, ಅದಕ್ಕೇನು?

“ಸ್ಪೀಕರ್‌ನಾಗ ಯಾವಾಗ್ಲೂ ಗುಂಯ್ ಅಂತದ. ಬಿಲ್ಟ್-ಇನ್ ಆಡಿಯೋ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲೇನು?” ಕಾರ್ಡ್ ಮಾರಾಟ ಆಗೋದೇ ಈ ಗುಂಯ್ ಮೇಲೆ. ರೊಕ್ಕ ಕೊಡೋ ಮುಂಚೆ ನಾಲ್ಕು ಪರೀಕ್ಷೆ ಮಾಡ್ರಿ, ಒಂದು ರೂಪಾಯಿ ಖರ್ಚಿಲ್ಲ.

ಒಂದು: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡ್ರಿ. ಸದ್ದು ನಿಂತ್ರೆ ತಪ್ಪು ಸೌಂಡ್ ಚಿಪ್ಪಿಂದಲ್ಲ. ಚಾರ್ಜರಿಂದು ಇಲ್ಲಾ ಅರ್ಥಿಂಗಿಂದು.

ಎರಡು: ಡೆಸ್ಕ್‌ಟಾಪ್ ಆದ್ರೆ ಮುಂದಿನ ಜ್ಯಾಕ್ ಬಿಟ್ಟು ಹಿಂದಿನ ಹಸಿರು ಜ್ಯಾಕಿಗೆ ಹಾಕಿ. ಮುಂದಿನದಕ್ಕೆ ಹೋಗೋ ಸಣ್ಣ ವೈರ್ ಪೆಟ್ಟಿಗೆ ಒಳಗೆ ಗ್ರಾಫಿಕ್ಸ್ ಕಾರ್ಡ್, ಪವರ್ ವೈರುಗಳ ಪಕ್ಕದಿಂದಲೇ ಹಾಯ್ದು ಬರ್ತದ. ಮೌಸ್ ಆಡಿಸಿದಾಗ ಕಿರ್ರ್ ಅನ್ನೋದು ಬಹಳ ಸಲ ಅಲ್ಲಿಂದಲೇ.

ಮೂರು: ಸ್ಪೀಕರಿನ ವೈರನ್ನ ಕಂಪ್ಯೂಟರಿನಿಂದ ಬಿಚ್ಚಿ ಮೊಬೈಲಿಗೆ ಸಿಗಿಸಿ. ಆಗಲೂ ಗುಂಯ್ ಅಂದ್ರೆ ಸ್ಪೀಕರೇ ತಪ್ಪಿತಸ್ಥ.

ನಾಲ್ಕು: ವಿಂಡೋಸ್ ಸೌಂಡ್ ಸೆಟ್ಟಿಂಗಿನಾಗ ಎನ್‌ಹ್ಯಾನ್ಸ್‌ಮೆಂಟ್ ಎಲ್ಲಾ ಬಂದ್ ಮಾಡಿ, ಬಳಸದೇ ಇರೋ ಮೈಕನ್ನ ಮ್ಯೂಟ್ ಮಾಡಿ ನೋಡ್ರಿ.

ನಮ್ಮ ಲೈನಿನ ಕರೆಂಟು 50 ಹರ್ಟ್ಸ್. ಆ ದಪ್ಪ ಗುಂಯ್ ಹೆಚ್ಚಾಗಿ ಅದರದ್ದೇ. ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವಾಟ್ ಸಾಮರ್ಥ್ಯದ್ದು, ಇಡೀ ರಾಜ್ಯಕ್ಕೆ ಕರೆಂಟು ಕೊಡ್ತದ. ಅದೇ ಜಿಲ್ಲೆಯ ಎಷ್ಟೋ ಹಳೇ ಮನಿಗಳ ಪ್ಲಗ್ಗಿನಾಗ ಮೂರನೇ ತೂತಿಗೆ ವೈರೇ ಇರಂಗಿಲ್ಲ. ಲ್ಯಾಪ್‌ಟಾಪಿನ ಲೋಹ ಮುಟ್ಟಿದಾಗ ಬೆರಳು ಜುಮ್ ಅಂತದಾ? ಮೊದಲು ಎಲೆಕ್ಟ್ರಿಷಿಯನ್ ಕರಸ್ರಿ. ಅರ್ಥಿಂಗ್ ಗುಂಡಿ ಇದ್ದೋರು ಬ್ಯಾಸಗಿಯಾಗ ಅದಕ್ಕೆ ನೀರು ಹಾಕಿಸ್ರಿ. ಒಣಗಿದ ಮಣ್ಣಿನಾಗ ಅರ್ಥ್ ಸರಿ ಹಿಡಿಯೋದಿಲ್ಲ.

ಒಂದು ಎಚ್ಚರಿಕೆ. ಗುಂಯ್ ಹೋಗ್ಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ನಿಗೆ ಟೇಪ್ ಸುತ್ತೋರು, ಪಿನ್ ಕತ್ತರಿಸೋರು ಇದ್ದಾರೆ. ಮೈಕ್‌ಸೆಟ್ಟಿನವರೇ, ಡಿಜೆ ಅಣ್ಣಂದಿರೇ, ಇದನ್ನ ಎಂದಿಗೂ ಮಾಡಬ್ಯಾಡ್ರಿ. ಮೈಕ್ ಹಿಡಿದು ನಿಂತವರ ಜೀವದ ಪ್ರಶ್ನೆ ಅದು. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಗ್ರೌಂಡ್ ಲೂಪ್ ಐಸೋಲೇಟರ್ ಇಲ್ಲಾ ಡಿಐ ಬಾಕ್ಸ್ ಹಾಕಿದ್ರೆ ಅದೇ ಕೆಲಸ ಅಪಾಯ ಇಲ್ಲದೆ ಆಗ್ತದ. ಡಿಜೆ ಕಂಟ್ರೋಲರ್ ಇಟ್ಟುಕೊಂಡೋರಿಗಂತೂ ಬಹಳ ಸಲ ಅದರೊಳಗೇ ಸೌಂಡ್ ಕಾರ್ಡ್ ಇರ್ತದ, ಮತ್ತೊಂದು ಯಾಕೆ?

ಭಾಗ 5/8: ರೆಕಾರ್ಡಿಂಗಿಗೆ ಬಂದಾಗ ಮಾತು ತಿರುಗ್ತದ

ಇಲ್ಲಿತನಕ ಬಿಲ್ಟ್-ಇನ್ ಪರವಾಗಿ ವಾದ ಮಾಡಿದೆ. ಇನ್ನು ಅದರ ವಿರುದ್ಧ.

ಸದ್ದು ಹೊರಗೆ ಹೋಗೋ ದಾರಿ ಬೇರೆ, ಒಳಗೆ ಬರೋ ದಾರಿ ಬೇರೆ. ಬೋರ್ಡಿನ ಗುಲಾಬಿ ಬಣ್ಣದ ಮೈಕ್ ಜ್ಯಾಕ್ ಮಾಡಿರೋದು ಆನ್‌ಲೈನ್ ಕ್ಲಾಸಿಗೆ, ಮೀಟಿಂಗಿಗೆ, ಗೇಮ್ ಆಡ್ತಾ ಮಾತಾಡೋದಕ್ಕೆ. ಹಾಡುಗಾರರ ಮುಂದೆ ಇಡೋ ಮೈಕಿಗೆ ಅದು ಸಾಲದು. ಕಾರಣ ಮೂರು.

ಮೈಕಿನಿಂದ ಬರೋ ಸಿಗ್ನಲ್ ಭಾಳ ಸಣ್ಣದು. ಸಾವಿರದ ಒಂದು ಪಾಲು ವೋಲ್ಟಿನ ಲೆಕ್ಕದ್ದು. ಅದನ್ನ ದೊಡ್ಡದು ಮಾಡೋಕೆ ಒಳ್ಳೇ ಪ್ರಿಆಂಪ್ ಬೇಕು. ಬೋರ್ಡಿನಾಗ ಇರೋದು “ಮೈಕ್ ಬೂಸ್ಟ್”. ಅದನ್ನ 20, 30 ಡೆಸಿಬಲ್ ಏರಿಸಿದ್ರೆ ದನಿ ಜೊತೆಗೆ ಸುಂಯ್ ಅನ್ನೋ ಗದ್ದಲಾನೂ ಏರ್ತದ. ಆ ಗದ್ದಲ ದನಿಯೊಳಗೆ ಸೇರಿಹೋದ ಮೇಲೆ ಪೂರ್ತಿ ತೆಗೆಯೋಕೆ ಆಗೋದಿಲ್ಲ. ಸಾಫ್ಟ್‌ವೇರ್ ಹಾಕಿ ತೆಗೆದ್ರೆ ದನಿ ಡಬ್ಬಿಯೊಳಗಿಂದ ಬಂದಂಗ ಕೇಳ್ತದ.

ಎರಡನೇದು, ಸ್ಟುಡಿಯೋ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಬೋರ್ಡಿನ ಜ್ಯಾಕಿನಿಂದ ಬರೋದು ಕೆಲವೇ ವೋಲ್ಟ್. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರಿನ ದೊಡ್ಡ ಗುಣ ಅಂದ್ರೆ ದಾರಿಯಲ್ಲಿ ಸೇರಿಕೊಂಡ ಗದ್ದಲವನ್ನ ಅದು ಕೊನೆಗೆ ಕಳೆದು ಹಾಕ್ತದ. ಕನ್ವರ್ಟರ್ ಹಾಕಿ ಸಣ್ಣ ಜ್ಯಾಕಿಗೆ ತುರುಕಿದ್ರೆ ಆ ಗುಣವೂ ಹೋಗ್ತದ.

ಮೂರನೇದು ತಡ. ತಾಳದ ಟ್ರ್ಯಾಕ್ ಕೇಳ್ತಾ ಅದರ ಮೇಲೆ ಹಾಡೋರಿಗೆ ತಮ್ಮ ದನಿ ತಮಗೆ ತಡವಾಗಿ ಕೇಳಿಸಿದ್ರೆ ಲಯ ಕೆಡ್ತದ. ವಿಂಡೋಸಿನ ಸಾಮಾನ್ಯ ದಾರಿಯಲ್ಲಿ ಈ ತಡ ಹತ್ತಾರು ಮಿಲಿಸೆಕೆಂಡ್. ಸದ್ದು ಗಾಳಿಯಾಗ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗ್ತದ. ಅಂದ್ರೆ 30 ಮಿಲಿಸೆಕೆಂಡ್ ತಡ ಅಂದ್ರೆ ಹಾರ್ಮೋನಿಯಂನವರನ್ನ ಹತ್ತು ಮೀಟರ್ ಆಚೆ ಕೂಡಿಸಿ ಹಾಡಿದಂಗ. ಎದುರುಬದುರು ಕೂತು ಭಜನಿ ಮಾಡಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಭಾಗ 6/8: ಹಂಗಾದ್ರೆ ಏನು ತಗೋಬೇಕು, ಯಾವ ಕ್ರಮದಾಗ?

ರೆಕಾರ್ಡ್ ಮಾಡೋರಿಗೆ ಬೇಕಾದ ಸಾಮಾನಿನ ಹೆಸರು “ಯುಎಸ್‌ಬಿ ಆಡಿಯೋ ಇಂಟರ್‌ಫೇಸ್”. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ, ಬೆಹ್ರಿಂಗರ್ ಯುಎಂ2 ಇಂಥವು. ಇದೂ ಸೌಂಡ್ ಕಾರ್ಡೇ, ಆದರೆ ಪೆಟ್ಟಿಗೆಯ ಗದ್ದಲದಿಂದ ಹೊರಗೆ ಕೂತದ್ದು. ಎಕ್ಸ್‌ಎಲ್‌ಆರ್ ಜ್ಯಾಕ್, ಪ್ರಿಆಂಪ್, 48 ವೋಲ್ಟ್, ತನ್ನ ದನಿಯನ್ನ ತಡ ಇಲ್ಲದೆ ಕೇಳಿಸಿಕೊಳ್ಳೋ ಸೌಲಭ್ಯ, ಎಲ್ಲಾ ಒಂದೇ ಡಬ್ಬಿಯಾಗ. ಇವತ್ತು ಈ ಪಿಸಿಗೆ, ನಾಳೆ ಆ ಲ್ಯಾಪ್‌ಟಾಪಿಗೆ. ದೇವದುರ್ಗಕ್ಕೆ ಹೋದ್ರೆ ಚೀಲದಾಗ ಹಾಕ್ಕೊಂಡು ಹೋಗಬಹುದು. ಪಿಸಿ ಒಳಗಿನ ಕಾರ್ಡಿಗೆ ಈ ಯೋಗ ಇಲ್ಲ.

ಗೊಂದಲ ಬ್ಯಾಡ: ಬೆರಳುದ್ದದ ಯುಎಸ್‌ಬಿ ಅಡಾಪ್ಟರ್ ಮೇಲೆ “7.1 ಸೌಂಡ್ ಕಾರ್ಡ್” ಅಂತ ಬರೆದು ನೂರಿನ್ನೂರಕ್ಕೆ ಮಾರ್ತಾರಲ್ಲ, ಅದು ಇಂಟರ್‌ಫೇಸ್ ಅಲ್ಲ. ಕೆಟ್ಟ ಜ್ಯಾಕಿಗೆ ಬದಲಿ ಅಷ್ಟೇ.

ಈಗ ರೊಕ್ಕ ಹಾಕೋ ಕ್ರಮ. ಹೆಚ್ಚಿನವರು ತಪ್ಪೋದು ಇಲ್ಲೇ.

ಮೊದಲು ಕೋಣೆ. ಪರಸಿ ಕಲ್ಲಿನ ನೆಲ, ಬೋಳು ಗೋಡೆ, ಆರ್‌ಸಿಸಿ ಛಾವಣಿ ಇದ್ದಲ್ಲಿ ದನಿ ಬಡಿದು ಬಡಿದು ವಾಪಸ್ ಬರ್ತದ. ಮನಿಯಾಗ ಕೌದಿ ಅದಾವಲ್ಲ, ಹಾಡೋರ ಹಿಂದೆ ಒಂದು, ಪಕ್ಕಕ್ಕೆ ಒಂದು ಇಳಿಬಿಡ್ರಿ. ಕೆಳಗೆ ಜಮಖಾನೆ ಹಾಸ್ರಿ. ಖರ್ಚು ಶೂನ್ಯ, ಫಲ ಮಾತ್ರ ಎಂಥಾ ತುಟ್ಟಿ ಕಾರ್ಡಿಗಿಂತ ಹೆಚ್ಚು.

ಆಮೇಲೆ ಮೈಕು. ಗದ್ದಲದ ಮನಿಯಾಗ ಡೈನಾಮಿಕ್ ಮೈಕೇ ವಾಸಿ. ಬಾಯಿಯ ಸಮೀಪ ಇದ್ದದ್ದನ್ನ ಹಿಡಿತದ, ದೂರದ ಬೈಕ್ ಹಾರ್ನನ್ನ ಅಷ್ಟಾಗಿ ಹಿಡಿಯೋದಿಲ್ಲ. ಕಂಡೆನ್ಸರ್ ಸೂಕ್ಷ್ಮ ಹೌದು, ಆದರೆ ಪಕ್ಕದ ಮನಿ ಮಿಕ್ಸಿಯನ್ನೂ ಅಷ್ಟೇ ಪ್ರೀತಿಯಿಂದ ಹಿಡಿತದ.

ಮೂರನೇದು ಇಂಟರ್‌ಫೇಸ್. ನಾಲ್ಕನೇದು ಮುಚ್ಚಿದ ಹೆಡ್‌ಫೋನ್. ಸಾಫ್ಟ್‌ವೇರಿಗೆ ರೊಕ್ಕ ಬ್ಯಾಡ, ಆಡಾಸಿಟಿ ಪುಗಸಟ್ಟೆ ಸಿಗ್ತದ.

ಇನ್ನೊಂದು ಗುಟ್ಟು. ಕರೆಂಟ್ ಹೋಯ್ತು ಅಂತ ಬೈಕೋತ ಕೂಡಬ್ಯಾಡ್ರಿ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಇದ್ದಾಗ, ಫ್ಯಾನ್ ನಿಂತಾಗ, ಊರೆಲ್ಲಾ ತಣ್ಣಗಾದಾಗ ಸಿಗೋ ರೆಕಾರ್ಡಿಂಗ್ ಉಳಿದ ಹೊತ್ತಿನಾಗ ಸಿಗೋದಿಲ್ಲ. ಯುಎಸ್‌ಬಿ ಇಂಟರ್‌ಫೇಸಿಗೆ ಲ್ಯಾಪ್‌ಟಾಪಿನಿಂದಲೇ ಕರೆಂಟ್ ಸಿಗ್ತದ.

ಭಾಗ 7/8: ಇಷ್ಟೆಲ್ಲಾ ಯಾಕೆ ಹೇಳ್ತಿದ್ದೀನಿ ಅಂದ್ರೆ

ವಿಜಯದಾಸರ ಚೀಕಲಪರವಿ ಮಾನ್ವಿ ತಾಲ್ಲೂಕಿನ ಊರು. ಅವರ ಶಿಷ್ಯ ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಹುಟ್ಟಿದ್ದು ಬ್ಯಾಗವಾಟದಾಗ, ಬಾಳಿದ್ದು ಮಾನ್ವಿಯಾಗ. ಭಾಮಿನಿ ಷಟ್ಪದಿಯ ಆ ಗ್ರಂಥದ ಪಠ್ಯ ಅಚ್ಚಿನಾಗ ಭದ್ರ ಅದ. ಅದನ್ನ ನಮ್ಮ ಮನಿಗಳ ಅಜ್ಜಿಯರು ಬೆಳಿಗ್ಗೆ ಹೇಳೋ ಧಾಟಿ ಅಚ್ಚಿನಾಗ ಇಲ್ಲ. ಊರಿಂದ ಊರಿಗೆ, ಮನಿಯಿಂದ ಮನಿಗೆ ಅದು ಬ್ಯಾರೆ.

ದಾಸರ ಪದ ಅಷ್ಟೇ ಅಲ್ಲ. ಬೀಸೋ ಕಲ್ಲಿನ ಪದ, ಸೋಬಾನ, ಹಂತಿ ಪದ, ಮೊಹರಮ್ಮಿನ ಅಲಾಯಿ ಪದ, ಏಕತಾರಿ ಹಿಡಿದು ಹಾಡೋ ತತ್ವಪದ. ಬೀಸೋ ಕಲ್ಲು ಮೂಲೆ ಸೇರಿ ಎಷ್ಟೋ ವರ್ಷ ಆಯ್ತು. ಆ ಪದ ಬಾಯಿಪಾಠ ಇರೋರು ಎಂಬತ್ತರ ಆಸುಪಾಸಿನವರು. ಇವರ ದನಿಯನ್ನ ಲ್ಯಾಪ್‌ಟಾಪಿನ ಮೈಕಿಗೆ, ಫ್ಯಾನ್ ಹಾಕಿಕೊಂಡು, ಗುಂಯ್ ಸದ್ದಿನ ಜೊತೆ ಹಿಡಿದಿಟ್ರೆ ಮೊಮ್ಮಕ್ಕಳಿಗೆ ಕೇಳಿಸೋದು ಫ್ಯಾನೇ. ಗೇಮಿನ ಸದ್ದು ಚೂರು ಕೆಟ್ರೆ ನಾಳೆ ಸರಿ ಮಾಡಬಹುದು. ಇದು ಹಂಗಲ್ಲ.

ಅದಕ್ಕೇ ನನ್ನ ವಾದ: ಕೇಳೋ ಕಡೆಗೆ ಹಾಕೋ ರೊಕ್ಕವನ್ನ ಹಿಡಿಯೋ ಕಡೆಗೆ ಹಾಕ್ರಿ. ಒಬ್ಬರಿಗೇ ಆಗೋದಿಲ್ಲ ಅಂದ್ರೆ ಭಜನಾ ಮಂಡಳಿಯವರು, ಓಣಿಯ ಗೆಳೆಯರು ಕೂಡಿ ಒಂದು ಇಂಟರ್‌ಫೇಸ್, ಒಂದು ಮೈಕ್ ತಗೊಳ್ರಿ. ವಾರಕ್ಕೊಂದು ಮನಿಗೆ ಹೋಗಲಿ ಅದು.

ಹಳ್ಳಿಗೆ ಹೋಗಿ ರೆಕಾರ್ಡ್ ಮಾಡೋರಿಗೆ ಕಂಪ್ಯೂಟರೇ ಬ್ಯಾಡ. ಝೂಮ್ ಎಚ್1ರಂಥ ಕೈಯಾಗಿನ ರೆಕಾರ್ಡರ್ ಬ್ಯಾಟರಿ ಮೇಲೆ ನಡೀತದ. ಅರ್ಥಿಂಗ್ ಚಿಂತಿ ಇಲ್ಲ. ಅದೂ ಇಲ್ಲಾಂದ್ರೆ ಮೊಬೈಲನ್ನ ಏರೋಪ್ಲೇನ್ ಮೋಡಿಗೆ ಹಾಕಿ, ವೇವ್ ಫೈಲ್ ಉಳಿಸೋ ರೆಕಾರ್ಡರ್ ಆ್ಯಪ್ ಹಾಕಿ, ಒಂದು ಮೊಳ ದೂರದಾಗ ಬಟ್ಟೆ ಮೇಲೆ ಇಡ್ರಿ.

48,000 ಹರ್ಟ್ಸ್, 24 ಬಿಟ್, ಸ್ಟೀರಿಯೋ ಅಂದ್ರೆ ಗಂಟೆಗೆ ಸುಮಾರು 1 ಜಿಬಿ. ಮೊನೋ ಆದ್ರೆ ಅದರರ್ಧ. ಜೋರಾಗಿ ಹಾಡಿದಾಗ ಮೀಟರ್ ಮೈನಸ್ 12ರ ಸುತ್ತ ಇರಲಿ, ಕೆಂಪು ಮುಟ್ಟಬಾರದು. ಹಾಡಿದವರ ಹೆಸರು, ಊರು, ತಾರೀಖು ಅದೇ ಫೈಲಿನ ಮೊದಲಿಗೆ ಬಾಯಿಲೆ ಹೇಳಿಸ್ರಿ. ವಾಟ್ಸಾಪಿನಾಗ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸ್ರಿ, ಮೂಲ ಫೈಲನ್ನ ಎರಡು ಕಡೆ ಇಡ್ರಿ. ಯೂಟ್ಯೂಬಿಗೆ ಹಾಕೋ ಮುಂಚೆ ಅವರ ಒಪ್ಪಿಗೆ ಕೇಳ್ರಿ.

ಭಾಗ 8/8: ಎದುರು ವಾದ, ಕೊನೆ ಮಾತು

“ನನಗೆ ವ್ಯತ್ಯಾಸ ಕೇಳಿಸ್ತದ” ಅನ್ನೋರು ಬರ್ತಾರೆ. ಸುಳ್ಳು ಅನ್ನೋದಿಲ್ಲ. ಹಳೇ ಬೋರ್ಡ್, ಕೆಟ್ಟ ಮುಂದಿನ ಜ್ಯಾಕ್, ಭಾರೀ ಹೆಡ್‌ಫೋನ್ ಇದ್ರೆ ಖಂಡಿತ ಕೇಳಿಸ್ತದ. ಆದರೆ ಹೊಸ ಕಾರ್ಡ್ ಬಹಳ ಸಲ ಸ್ವಲ್ಪ ಜೋರಾಗಿ ನುಡಿತದ, ಜೋರಾದದ್ದು ಕಿವಿಗೆ ಚಂದ ಅನಿಸ್ತದ. ಎರಡನ್ನೂ ಒಂದೇ ಜೋರಿಗೆ ತಂದು, ಕಣ್ಣು ಮುಚ್ಚಿ, ಯಾವುದು ಯಾವುದು ಅಂತ ಹತ್ತು ಸಲ ಗುರುತಿಸ್ರಿ. ಒಂಬತ್ತು ಸಲ ಸರಿ ಹೇಳಿದ್ರೆ ಧಾರಾಳವಾಗಿ ತಗೊಳ್ರಿ. ಐದಾರಕ್ಕೆ ನಿಂತ್ರೆ ಅದು ನಾಣ್ಯ ಚಿಮ್ಮಿದಂಗ.

“ಮುಂದೆ ಬೇಕಾಗಬಹುದಲ್ಲ” ಅನ್ನೋ ವಾದಾನೂ ಅದ. ಬೇಕಾದಾಗ ಯುಎಸ್‌ಬಿಗೆ ಸಿಗಿಸೋಕೆ ಒಂದು ನಿಮಿಷ ಸಾಕು. ಇವತ್ತೇ ಪಿಸಿ ಬಿಲ್ಲಿನಾಗ ಸೇರಿಸೋ ಜರೂರು ಇಲ್ಲ. ಪಿಸಿಗೆ ಆ ರೊಕ್ಕದಾಗ ಎಸ್‌ಎಸ್‌ಡಿ ದೊಡ್ಡದು ಹಾಕಿಸ್ರಿ, ಇಲ್ಲಾ ಒಳ್ಳೇ ಹೆಡ್‌ಫೋನ್ ತಗೊಳ್ರಿ. ಕೇಳೋ ಸದ್ದಿನಾಗ ಕಣ್ಣಿಗೆ ಕಟ್ಟೋ ಬದಲಾವಣೆ ತರೋದು ಸ್ಪೀಕರ್, ಹೆಡ್‌ಫೋನ್. ಚಿಪ್ಪಿನ ಪಾಲು ಅದರ ಮುಂದೆ ಸಣ್ಣದು.

ಒಟ್ಟು ಲೆಕ್ಕ, ಸೇವ್ ಮಾಡ್ಕೊಳ್ರಿ:

ಓದು, ಸಿನಿಮಾ, ಹಾಡು, ಗೇಮು: ಬಿಲ್ಟ್-ಇನ್ ಸಾಕು.
ಬ್ಲೂಟೂತ್, ಟಿವಿ, ಯುಎಸ್‌ಬಿ ಹೆಡ್‌ಸೆಟ್: ಕಾರ್ಡ್ ಹಾಕಿದ್ರೂ ಉಪಯೋಗ ಇಲ್ಲ.
ಗುಂಯ್ ಸದ್ದು: ಮೊದಲು ಹಿಂದಿನ ಜ್ಯಾಕ್, ಚಾರ್ಜರ್, ಅರ್ಥಿಂಗ್.
ಜ್ಯಾಕ್ ಕೆಟ್ಟದ: ಸಣ್ಣ ಯುಎಸ್‌ಬಿ ಅಡಾಪ್ಟರ್.
ಮದುವಿ ವಿಡಿಯೋ ಎಡಿಟಿಂಗ್: ಬಿಲ್ಟ್-ಇನ್ ಮತ್ತು ಒಳ್ಳೇ ಹೆಡ್‌ಫೋನ್. ವಾಯ್ಸ್ ಓವರ್ ಮಾಡೋದಿದ್ರೆ ಇಂಟರ್‌ಫೇಸ್.
ಹಾಡು, ಭಜನಿ, ಹಿರಿಯರ ಪದ ಹಿಡಿಯೋದು: ಕೌದಿ, ಮೈಕ್, ಇಂಟರ್‌ಫೇಸ್, ಇದೇ ಕ್ರಮದಾಗ.

ನಿಮ್ಮ ಮನಿಯಾಗ, ಓಣಿಯಾಗ ಪದ ಬಲ್ಲ ಹಿರಿಯರು ಇದ್ರೆ ಹಬ್ಬ ಬರಲಿ, ಸಾಮಾನು ಬರಲಿ ಅಂತ ಕಾಯಬ್ಯಾಡ್ರಿ. ಈ ಭಾನುವಾರ ಬೆಳಿಗ್ಗೆ ಐದಕ್ಕೆ ಮೊಬೈಲಿನಲ್ಲೇ ಒಂದು ಪದ ಹಿಡೀರಿ. ಫ್ಯಾನ್ ಬಂದ್ ಮಾಡೋದು ಮರೀಬ್ಯಾಡ್ರಿ. ಯಾವ ಊರು, ಯಾವ ಪದ ಅಂತ ಕೆಳಗೆ ಬರೀರಿ, ಓದ್ತೀನಿ.

#ಸೌಂಡ್‌ಕಾರ್ಡ್ #ರಾಯಚೂರು #ಮಾನ್ವಿ #ದೇವದುರ್ಗ #ದಾಸರಪದ #ಕನ್ನಡಟೆಕ್